ಒಂದೇ ಜಾಲ, ಹಲವು ತಂತ್ರಾಂಶ: ವಿಕೇಂದ್ರೀಕೃತ ಸಾಮಾಜಿಕ ಜಾಲದಲ್ಲಿ ವರ್ತಕರ ಆಯ್ಕೆ

ಬೆಂಗಳೂರಿನಲ್ಲಿ ಹುಟ್ಟಿ, 2020ರಲ್ಲಿ ಮೊದಲು ಕನ್ನಡದಲ್ಲಿಯೇ ಸೇವೆ ಆರಂಭಿಸಿ, ಬಳಿಕ ಇತರ ಭಾರತೀಯ ಭಾಷೆಗಳಿಗೂ ವಿಸ್ತರಿಸಿದ ‘ಕೂ’ ಎಂಬ ಸಾಮಾಜಿಕ ಜಾಲವು 2024ರಲ್ಲಿ ಬಾಗಿಲು ಮುಚ್ಚಿತು. ಸಂಸ್ಥಾಪಕರಾದ ಅಪ್ರಮೇಯ ರಾಧಾಕೃಷ್ಣ ಹಾಗೂ ಮಯಾಂಕ್ ಬಿದವತ್ಕ ಅವರು ಆ ವರ್ಷದ ಜುಲೈ 3ರಂದು ಈ ನಿರ್ಧಾರವನ್ನು ಪ್ರಕಟಿಸಿ, ದೊಡ್ಡ ಸಂಸ್ಥೆಗಳೊಂದಿಗೆ ನಡೆದ ಸಹಭಾಗಿತ್ವದ ಮಾತುಕತೆಗಳು ಫಲಿಸಲಿಲ್ಲವೆಂದು ತಿಳಿಸಿದರು. ಉದ್ಯಮದಲ್ಲಿ ಲಾಭ ನಷ್ಟಗಳು ಸಹಜವಾದುದರಿಂದ ಇದರಲ್ಲಿ ಯಾರನ್ನೂ ದೂರುವ ಕಾರಣವಿಲ್ಲ. ಆದರೆ ಆ ಜಾಲದಲ್ಲಿ ವರ್ಷಗಟ್ಟಲೆ ಕುಳಿತು ಗ್ರಾಹಕರ ಬಳಗವನ್ನು ಕಟ್ಟಿಕೊಂಡಿದ್ದ ಅಂಗಡಿಯವನಿಗೆ ಆ ಬಳಗವನ್ನು ಬೇರೊಂದು ಜಾಲಕ್ಕೆ ಸಾಗಿಸುವ ದಾರಿ ಇರಲಿಲ್ಲ. ಅಂಗಡಿ ಅವನದು, ಸರಕು ಅವನದು. ಬೀದಿ ಮಾತ್ರ ಬೇರೆಯವರದು.

ಇದು ಮೊದಲ ಸಲವೇನೂ ಅಲ್ಲ. 2014ರ ಸೆಪ್ಟೆಂಬರಿನಲ್ಲಿ ಆರ್ಕುಟ್, 2019ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲಸ್ ನಿಂತುಹೋದವು. 2020ರ ಜೂನ್ 29ರಂದು ಭಾರತ ಸರ್ಕಾರದ ಆದೇಶದಿಂದ ಟಿಕ್‌ಟಾಕ್ ದೇಶದಲ್ಲಿ ನಿಷೇಧಕ್ಕೊಳಗಾಯಿತು. ಕಾರಣಗಳು ಬೇರೆ ಬೇರೆಯಾದರೂ ವರ್ತಕನ ಪಾಲಿಗೆ ಪರಿಣಾಮ ಒಂದೇ. ಶಿಡ್ಲಘಟ್ಟದ ರೇಷ್ಮೆ ನೂಲಿನ ವ್ಯಾಪಾರಿ, ಚಿಂತಾಮಣಿಯ ಟೊಮೆಟೊ ಮಂಡಿಯವರು, ಚಿಕ್ಕಬಳ್ಳಾಪುರದ ಹೂವು ದ್ರಾಕ್ಷಿಯ ಸಗಟುದಾರರು, ಗೌರಿಬಿದನೂರಿನ ಸಣ್ಣ ತಯಾರಕರು ಇಂದು ವಾಟ್ಸ್‌ಆ್ಯಪ್ ಗುಂಪು, ಫೇಸ್‌ಬುಕ್ ಪುಟ, ಇನ್‌ಸ್ಟಾಗ್ರಾಂಗಳನ್ನು ನೆಚ್ಚಿ ವ್ಯವಹರಿಸುತ್ತಿರುವಾಗ, ಗಿರಾಕಿಗಳ ಪಟ್ಟಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅವಶ್ಯಕ. ವಿಕೇಂದ್ರೀಕೃತ ಸಾಮಾಜಿಕ ಜಾಲವೆಂಬುದು ಈ ಪ್ರಶ್ನೆಗೆ ಒಂದು ಉತ್ತರ. ಆ ಉತ್ತರದ ಗಟ್ಟಿತನವಿರುವುದು ಅದನ್ನು ನಡೆಸುವ ಸರ್ವರ್ ತಂತ್ರಾಂಶಗಳ ವೈವಿಧ್ಯದಲ್ಲಿ. ಅದರ ತೊಡಕುಗಳೂ ಅಲ್ಲಿಯೇ ಇವೆ.

ಜಾಲದ ಸ್ವರೂಪ

ಇ-ಮೇಲ್ ವ್ಯವಸ್ಥೆಯನ್ನು ಬಲ್ಲವರಿಗೆ ಇದು ಕಷ್ಟದ ವಿಷಯವಲ್ಲ. ರೆಡಿಫ್‌ಮೇಲ್ ವಿಳಾಸವುಳ್ಳವರು ಜಿಮೇಲ್ ವಿಳಾಸದವರಿಗೆ ಪತ್ರ ಬರೆಯುವಾಗ ಎರಡೂ ಸಂಸ್ಥೆಗಳ ನಡುವೆ ವಿಶೇಷ ಒಪ್ಪಂದವೇನೂ ಬೇಕಾಗುವುದಿಲ್ಲ. ಪತ್ರ ಸಾಗಿಸುವ ನಿಯಮಾವಳಿ ಎಲ್ಲರಿಗೂ ಒಂದೇ. ಅದೇ ರೀತಿ ಸಾಮಾಜಿಕ ಜಾಲದ ಬರಹ, ಚಿತ್ರ, ಪ್ರತಿಕ್ರಿಯೆಗಳನ್ನು ಒಂದು ಸರ್ವರಿನಿಂದ ಮತ್ತೊಂದಕ್ಕೆ ಸಾಗಿಸಲು ‘ಆ್ಯಕ್ಟಿವಿಟಿಪಬ್’ ಎಂಬ ನಿಯಮಾವಳಿಯನ್ನು ರೂಪಿಸಲಾಗಿದೆ. ಜಾಗತಿಕ ಜಾಲದ ಮಾನಕಗಳನ್ನು ನಿಗದಿಪಡಿಸುವ ಡಬ್ಲ್ಯು3ಸಿ ಒಕ್ಕೂಟವು ಇದನ್ನು 2018ರ ಜನವರಿ 23ರಂದು ಅಧಿಕೃತ ಶಿಫಾರಸಾಗಿ ಪ್ರಕಟಿಸಿತು. ಇಲ್ಲಿ ಸದಸ್ಯನ ವಿಳಾಸದಲ್ಲಿ ಎರಡು ಭಾಗಗಳಿರುತ್ತವೆ: ಆತನ ಹೆಸರು, ಆತ ನೆಲೆಸಿರುವ ಸರ್ವರಿನ ಹೆಸರು. ಸರ್ವರನ್ನು ಒಬ್ಬ ವ್ಯಕ್ತಿ, ಒಂದು ಸಂಘ ಅಥವಾ ಒಂದು ಕಂಪನಿ ನಡೆಸಬಹುದು.

ಭಾರತದಲ್ಲಿ ಈ ಜಾಲದ ಹೆಸರು ವ್ಯಾಪಕವಾಗಿ ಕೇಳಿಬಂದದ್ದು 2019ರ ನವೆಂಬರ್‌ನಲ್ಲಿ. ಸುಪ್ರೀಂ ಕೋರ್ಟಿನ ಹಿರಿಯ ವಕೀಲರಾದ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆಯನ್ನು ಅಮಾನತುಗೊಳಿಸಿದ ಪ್ರಕರಣದ ನಂತರ ಅನೇಕರು ಪ್ರತಿಭಟನೆಯಾಗಿ ಮಾಸ್ಟೊಡಾನ್‌ನಲ್ಲಿ ಖಾತೆ ತೆರೆದರು. ಬಹುಮಂದಿ ಕೆಲ ದಿನಗಳಲ್ಲಿ ಮರಳಿದರೆಂಬುದೂ ನಿಜ. 2022ರ ಅಕ್ಟೋಬರ್‌ನಲ್ಲಿ ಟ್ವಿಟರ್ ಸಂಸ್ಥೆಯು ಈಲಾನ್ ಮಸ್ಕ್ ಅವರ ಕೈ ಸೇರಿದಾಗ ವಿಶ್ವಾದ್ಯಂತ ಮತ್ತೊಂದು ವಲಸೆ ನಡೆಯಿತು.

ಚರಕದಿಂದ ಮಲ್ಟಿ ಎಂಡ್‌ವರೆಗೆ

ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಲ್ಲಿ ಹರಾಜಿನಲ್ಲಿ ಗೂಡು ಕೊಂಡೊಯ್ಯುವ ರೀಲರ್‌ಗಳೆಲ್ಲರೂ ಒಂದೇ ಯಂತ್ರದಲ್ಲಿ ನೂಲು ಬಿಚ್ಚುವುದಿಲ್ಲ. ಒಬ್ಬರಲ್ಲಿ ಚರಕ, ಇನ್ನೊಬ್ಬರಲ್ಲಿ ಕಾಟೇಜ್ ಬೇಸಿನ್, ಮತ್ತೊಬ್ಬರಲ್ಲಿ ಮಲ್ಟಿ ಎಂಡ್, ಬಂಡವಾಳವುಳ್ಳವರಲ್ಲಿ ಸ್ವಯಂಚಾಲಿತ ಯಂತ್ರ. ಸ್ವಯಂಚಾಲಿತ ಯಂತ್ರವು ಉತ್ತಮ ದ್ವಿತಳಿ ಗೂಡನ್ನು ಬೇಡುತ್ತದೆ. ಚರಕವು ಕೆಳದರ್ಜೆಯ ಗೂಡಿನಿಂದಲೂ ನೂಲು ತೆಗೆಯುತ್ತದೆ. ಚರಕದ ನೂಲು ಒರಟಾದುದರಿಂದ ಹೊಕ್ಕಿಗೆ ಸಲ್ಲುತ್ತದೆ, ಮಲ್ಟಿ ಎಂಡ್ ನೂಲು ಹಾಸಿಗೂ ಒದಗುತ್ತದೆ. ಹೀಗಿದ್ದರೂ ಎಲ್ಲವನ್ನೂ ಡೆನಿಯರ್ ಎಂಬ ಒಂದೇ ಅಳತೆಯಲ್ಲಿ, ಅಂದರೆ 9000 ಮೀಟರ್ ನೂಲಿನ ಗ್ರಾಂ ತೂಕದಲ್ಲಿ, ಹೇಳಲು ಬರುತ್ತದೆ. ಅಳತೆ ಒಂದೇ ಆಗಿರುವುದರಿಂದಲೇ ಯಂತ್ರ ಹಲವಾಗಿರಲು ಸಾಧ್ಯವಾಗಿದೆ.

ವಿಕೇಂದ್ರೀಕೃತ ಜಾಲದಲ್ಲಿ ಆ್ಯಕ್ಟಿವಿಟಿಪಬ್ ಡೆನಿಯರ್‌ನ ಸ್ಥಾನದಲ್ಲಿದ್ದು, ಸರ್ವರ್ ತಂತ್ರಾಂಶಗಳು ಯಂತ್ರಗಳ ಸ್ಥಾನದಲ್ಲಿವೆ. ಇವುಗಳಲ್ಲಿ ಹೆಚ್ಚು ಪ್ರಚಲಿತವಾದುದು ಜರ್ಮನಿಯ ಆಯ್ಗನ್ ರೊಚ್ಕೊ ಅವರು 2016ರಲ್ಲಿ ಹೊರತಂದ ಮಾಸ್ಟೊಡಾನ್. ರೂಬಿ ಭಾಷೆಯಲ್ಲಿ ರಚಿತವಾದ ಇದಕ್ಕೆ ಪೋಸ್ಟ್‌ಗ್ರೆಸ್ ದತ್ತಸಂಚಯ, ರೆಡಿಸ್, ಹಿನ್ನೆಲೆಯಲ್ಲಿ ದುಡಿಯುವ ಸೈಡ್‌ಕಿಕ್ ಇವೆಲ್ಲವೂ ಬೇಕು. ಇತರ ಸರ್ವರುಗಳಿಂದ ಬರುವ ಚಿತ್ರಗಳ ಪ್ರತಿಗಳನ್ನೂ ಇದು ತನ್ನಲ್ಲಿ ಇಟ್ಟುಕೊಳ್ಳುವುದರಿಂದ ಸಂಗ್ರಹ ಸ್ಥಳ ಬೇಗ ತುಂಬುತ್ತದೆ. ಹತ್ತಾರು ಸದಸ್ಯರಿರುವ ಸಂಘಕ್ಕೆ ಇದು ಒಗ್ಗುತ್ತದೆ. ಒಬ್ಬ ವರ್ತಕನ ಒಂದು ಖಾತೆಗೆ ಸ್ವಯಂಚಾಲಿತ ಯಂತ್ರವನ್ನು ಮನೆಯಂಗಳದಲ್ಲಿ ಹೂಡಿದಂತಾಗುತ್ತದೆ.

ಅಂತಹ ಒಂಟಿ ಖಾತೆಗೆ ಗೊಟುಸೋಶಿಯಲ್ ಎಂಬ ಹಗುರವಾದ ತಂತ್ರಾಂಶವಿದೆ. ಗೋ ಭಾಷೆಯಲ್ಲಿರುವ ಇದು ಒಂದೇ ಕಡತದಿಂದ ನಡೆಯುತ್ತದೆ, ಎಸ್‌ಕ್ಯೂಲೈಟ್ ದತ್ತಸಂಚಯವೇ ಸಾಕು. ಬರಹಗಳನ್ನು ಓದಿ ಬರೆಯಲು ಇದರಲ್ಲಿ ಸ್ವಂತ ಪರದೆಯಿಲ್ಲ; ಮಾಸ್ಟೊಡಾನ್‌ಗಾಗಿ ತಯಾರಾದ ಆ್ಯಪ್‌ಗಳನ್ನೇ ಬಳಸಬೇಕು. ಎಲಿಕ್ಸಿರ್ ಭಾಷೆಯ ಪ್ಲೆರೋಮಾ, ಅದರಿಂದ 2022ರಲ್ಲಿ ಕವಲೊಡೆದ ಅಕ್ಕೋಮಾ, ಜಪಾನಿನ ಮಿಸ್‌ಕೀ ಇವೂ ಬಳಕೆಯಲ್ಲಿವೆ. 2010ರಿಂದಲೇ ಇರುವ ಫ್ರೆಂಡಿಕಾ ಪಿಎಚ್‌ಪಿಯಲ್ಲಿ ರಚಿತವಾದುದರಿಂದ ಸಾಮಾನ್ಯ ಬಾಡಿಗೆ ಹೋಸ್ಟಿಂಗ್‌ನಲ್ಲಿಯೂ ನಡೆಯಬಲ್ಲದು. ಚಿತ್ರಗಳಿಗೆಂದೇ ಪಿಕ್ಸೆಲ್‌ಫೆಡ್, ಚರ್ಚಾ ಗುಂಪುಗಳಿಗೆ ಲೆಮ್ಮಿ, ದೃಶ್ಯಚಿತ್ರಗಳಿಗೆ ಫ್ರಾನ್ಸಿನ ಫ್ರಾಮಾಸಾಫ್ಟ್ ಸಂಸ್ಥೆಯ ಪಿಯರ್‌ಟ್ಯೂಬ್. ಇಲ್ಲಿ ಹೆಸರಿಸಿದ ಬಹುತೇಕ ತಂತ್ರಾಂಶಗಳು ಎಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿವೆ: ಉಚಿತವಾಗಿ ಬಳಸಬಹುದು, ತಿದ್ದಬಹುದು, ತಿದ್ದಿ ಜಾಲದಲ್ಲಿ ಸೇವೆ ಒದಗಿಸಿದರೆ ತಿದ್ದಿದ ಮೂಲವನ್ನು ಬಳಕೆದಾರರಿಗೆ ದೊರಕಿಸತಕ್ಕದ್ದು.

ಈಗಾಗಲೇ ವರ್ಡ್‌ಪ್ರೆಸ್‌ನಲ್ಲಿ ಸ್ವಂತ ಜಾಲತಾಣ ಹೊಂದಿರುವವರ ಸ್ಥಿತಿ ಎಲ್ಲರಿಗಿಂತ ಸುಲಭ. ಆ್ಯಕ್ಟಿವಿಟಿಪಬ್ ಪ್ಲಗಿನ್ ಅನ್ನು ಅಳವಡಿಸಿದೊಡನೆ ಅವರ ಜಾಲತಾಣವೇ ಈ ಜಾಲದ ಒಂದು ಖಾತೆಯಾಗುತ್ತದೆ. ಮಥಿಯಾಸ್ ಫೆಫರ್ಲ ಅವರು ರಚಿಸಿದ ಈ ಪ್ಲಗಿನ್ ಅನ್ನು 2023ರಲ್ಲಿ ಆಟೊಮ್ಯಾಟಿಕ್ ಸಂಸ್ಥೆಯು ತನ್ನದಾಗಿಸಿಕೊಂಡು ಮುಂದುವರಿಸುತ್ತಿದೆ. ದೊಡ್ಡ ಕಂಪನಿಗಳೂ ಹೊರಗುಳಿದಿಲ್ಲ. ಮೆಟಾ ಸಂಸ್ಥೆಯ ಥ್ರೆಡ್ಸ್ 2024ರಿಂದ ತನ್ನ ಸದಸ್ಯರು ಇಚ್ಛಿಸಿದಲ್ಲಿ ಅವರ ಬರಹಗಳನ್ನು ಈ ಜಾಲಕ್ಕೆ ಹರಿಯಬಿಡುತ್ತಿದೆ.

ವೈವಿಧ್ಯದ ಪ್ರಯೋಜನ

ಇಷ್ಟೊಂದು ತಂತ್ರಾಂಶಗಳು ಏಕೆ, ಒಂದೇ ಇದ್ದರೆ ಸಾಲದೆ ಎಂಬ ಪ್ರಶ್ನೆ ಸಹಜ. 2023ರ ಜುಲೈ ತಿಂಗಳಿನ ಘಟನೆ ಇದಕ್ಕೆ ಉತ್ತರಿಸುತ್ತದೆ. ಮೊಜಿಲ್ಲಾ ಸಂಸ್ಥೆಯ ಕೋರಿಕೆಯ ಮೇರೆಗೆ ಕ್ಯೂರ್53 ಎಂಬ ಸಂಸ್ಥೆಯು ಮಾಸ್ಟೊಡಾನ್ ತಂತ್ರಾಂಶದ ಸುರಕ್ಷತಾ ತಪಾಸಣೆ ನಡೆಸಿದಾಗ ಗಂಭೀರ ದೋಷವೊಂದು ಪತ್ತೆಯಾಯಿತು. ವಿಶೇಷವಾಗಿ ಸಿದ್ಧಪಡಿಸಿದ ಮಾಧ್ಯಮ ಕಡತವನ್ನು ಕಳುಹಿಸಿ ಸರ್ವರಿನಲ್ಲಿ ಬೇಕಾದೆಡೆ ಕಡತಗಳನ್ನು ಸೃಷ್ಟಿಸಲು, ಆ ಮೂಲಕ ಸರ್ವರನ್ನೇ ವಶಪಡಿಸಿಕೊಳ್ಳಲು ಅವಕಾಶವಿತ್ತು. ಜುಲೈ 6ರಂದು ತಿದ್ದುಪಡಿ ಹೊರಬಂದಿತು. ಆ ದಿನ ಎಲ್ಲ ಮಾಸ್ಟೊಡಾನ್ ನಿರ್ವಾಹಕರೂ ತುರ್ತಾಗಿ ನವೀಕರಣ ಮಾಡಬೇಕಾಯಿತು, ಬೇರೆ ತಂತ್ರಾಂಶಗಳವರಿಗೆ ಆ ಆತಂಕವಿರಲಿಲ್ಲ. ಅದೇ ವರ್ಷದ ಮೇ ತಿಂಗಳಿನಲ್ಲಿ ಪ್ಲೆರೋಮಾ ತನ್ನದೇ ಆದ ದೋಷವೊಂದನ್ನು ಸರಿಪಡಿಸಿಕೊಂಡಿತ್ತು. ಆಗ ಮಾಸ್ಟೊಡಾನ್‌ನವರು ನಿಶ್ಚಿಂತರಾಗಿದ್ದರು. ಎಲ್ಲರೂ ಒಂದೇ ತಳಿಯ ಟೊಮೆಟೊ ಹಾಕಿದ ವರ್ಷ ರೋಗ ಬಂದರೆ ಏನಾಗುವುದೆಂಬುದನ್ನು ಚಿಂತಾಮಣಿಯವರಿಗೆ ವಿವರಿಸಬೇಕಾಗಿಲ್ಲ.

ತಂತ್ರಾಂಶಗಳೂ ಸಾಯುತ್ತವೆ. ಮಿಸ್‌ಕೀಯಿಂದ ಕವಲೊಡೆದು ಒಂದು ಕಾಲಕ್ಕೆ ಬಹಳ ಹೆಸರು ಮಾಡಿದ್ದ ಫೈರ್‌ಫಿಶ್‌ನ ನಿರ್ವಹಣೆ 2024ರ ಅಂತ್ಯಕ್ಕೆ ನಿಂತಿತು. ಅದನ್ನು ನಂಬಿದ್ದ ಸರ್ವರುಗಳು ಬೇರೆ ತಂತ್ರಾಂಶಕ್ಕೆ ಸಾಗಬೇಕಾಯಿತು. ಆದರೆ ಜಾಲ ನಿಲ್ಲಲಿಲ್ಲ. ‘ಕೂ’ ನಿಂತಾಗ ಜಾಲವೇ ಇಲ್ಲವಾದದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ವರ್ತಕರು ಎಚ್ಚರ ವಹಿಸಬೇಕಾದ ಅಂಶಗಳು

ವೈವಿಧ್ಯಕ್ಕೆ ಬೆಲೆಯೂ ಉಂಟು. ಒಂದು ತಂತ್ರಾಂಶದಲ್ಲಿ ಬರೆದದ್ದು ಇನ್ನೊಂದರಲ್ಲಿ ಯಥಾವತ್ತಾಗಿ ಕಾಣುವುದಿಲ್ಲ. ಮಿಸ್‌ಕೀಯಲ್ಲಿ ಬಗೆಬಗೆಯ ಚಿಹ್ನೆಗಳಿಂದ ವ್ಯಕ್ತಪಡಿಸಿದ ಪ್ರತಿಕ್ರಿಯೆಗಳೆಲ್ಲ ಮಾಸ್ಟೊಡಾನ್‌ನಲ್ಲಿ ಬರಿಯ ಮೆಚ್ಚುಗೆಯಾಗಿ ತೋರುತ್ತವೆ. ವರ್ಡ್‌ಪ್ರೆಸ್‌ನ ದೀರ್ಘ ಲೇಖನವು ಮಾಸ್ಟೊಡಾನ್ ಓದುಗರಿಗೆ ಸಾಮಾನ್ಯವಾಗಿ ಶೀರ್ಷಿಕೆ ಮತ್ತು ಕೊಂಡಿಯಾಗಿಯಷ್ಟೇ ಕಾಣುವುದರಿಂದ, ದರಪಟ್ಟಿಯ ಮುಖ್ಯಾಂಶವನ್ನು ಶೀರ್ಷಿಕೆಯಲ್ಲಿಯೇ ತರುವುದು ಲೇಸು. ಮಾಸ್ಟೊಡಾನ್‌ನ ಮೂಲ ಮಿತಿ 500 ಅಕ್ಷರಗಳು. ಇತರವು ಅದಕ್ಕಿಂತ ಹೆಚ್ಚು ಬರೆಯಗೊಡುತ್ತವೆ. ನಿಯಮಾವಳಿ ಎಲ್ಲರದಾಗಿದ್ದರೂ ದೊಡ್ಡವನ ರೂಢಿಯೇ ನಡೆಯುವುದು ಇಲ್ಲಿಯೂ ಕಂಡುಬರುತ್ತದೆ: ಇತರರ ಬರಹವನ್ನು ಉಲ್ಲೇಖಿಸಿ ಬರೆಯುವ ಸೌಲಭ್ಯ ಬೇರೆ ತಂತ್ರಾಂಶಗಳಲ್ಲಿ ಬಹಳ ಹಿಂದಿನಿಂದ ಇದ್ದರೂ, ಮಾಸ್ಟೊಡಾನ್ 2025ರಲ್ಲಿ ಅದನ್ನು ಅಳವಡಿಸಿಕೊಂಡ ಮೇಲಷ್ಟೇ ಅದು ಜಾಲದ ಸಾಮಾನ್ಯ ಪದ್ಧತಿಯಾಗುವ ಹಾದಿಗೆ ಬಂದಿತು.

ಸ್ಥಳಾಂತರದ ವಿಷಯದಲ್ಲಿ ಜಾಹೀರಾತಿನ ಮಾತನ್ನು ಪೂರ್ಣವಾಗಿ ನಂಬಲಾಗದು. ಒಂದು ಸರ್ವರಿನಿಂದ ಮತ್ತೊಂದಕ್ಕೆ ಖಾತೆಯನ್ನು ಸಾಗಿಸುವಾಗ ಅನುಸರಿಸುವವರ ಬಳಗವನ್ನು ಕೊಂಡೊಯ್ಯಬಹುದು. ಹಳೆಯ ಬರಹಗಳು ಮಾತ್ರ ಸಾಮಾನ್ಯವಾಗಿ ಹಳೆಯ ಸರ್ವರಿನಲ್ಲಿಯೇ ಉಳಿಯುತ್ತವೆ. ಹಳೆಯ ಸರ್ವರು ಜೀವಂತವಾಗಿರುವಾಗಲೇ ಈ ಕೆಲಸ ಆಗಬೇಕು. ಮುಚ್ಚಿದ ಮರುದಿನ ಎಚ್ಚೆತ್ತವರಿಗೆ ವಿಕೇಂದ್ರೀಕೃತ ಜಾಲವೂ ನೆರವಾಗುವುದಿಲ್ಲ.

ಆದುದರಿಂದ ತಂತ್ರಾಂಶಕ್ಕಿಂತ ಮೊದಲು ಯೋಚಿಸಬೇಕಾದದ್ದು ಸ್ವಂತ ಡೊಮೇನ್ ಹೆಸರು. 2024ರ ಫೆಬ್ರವರಿಯಲ್ಲಿ ಅಫ್ಘಾನಿಸ್ತಾನದ ತಾಲಿಬಾನ್ ಆಡಳಿತವು ಆ ದೇಶದ ಸೂಚಕವುಳ್ಳ ಒಂದು ಮಾಸ್ಟೊಡಾನ್ ಸರ್ವರಿನ ಹೆಸರನ್ನು ಅಮಾನತುಗೊಳಿಸಿತು; ತಂತ್ರಾಂಶ, ನಿರ್ವಾಹಕರು ಎಲ್ಲವೂ ಸರಿಯಿದ್ದು, ವಿಳಾಸವೊಂದೇ ಹೋಯಿತು. ಚೆಂದವೆಂದು ಪರದೇಶದ ಸೂಚಕವನ್ನು ಆರಿಸುವ ಬದಲು ಡಾಟ್ ಇನ್ ಹೆಸರನ್ನು ಸಂಸ್ಥೆಯ ಒಡೆಯರ ಹೆಸರಿನಲ್ಲಿಯೇ ನೋಂದಾಯಿಸುವುದು ಉಚಿತ. ಜಾಲತಾಣ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ ನೋಂದಣಿಯಾಗಿ, ನವೀಕರಣದ ವೇಳೆಗೆ ಆತ ಊರಲ್ಲಿಲ್ಲದ ಪ್ರಸಂಗಗಳು ಸಣ್ಣ ಊರುಗಳಲ್ಲಿ ವಿರಳವಲ್ಲ.

ಇನ್ನೊಂದು ಸೂಕ್ಷ್ಮವಿದೆ. ಒಂದು ಹೆಸರಿನಲ್ಲಿ ಮಾಸ್ಟೊಡಾನ್ ನಡೆಸಿ, ಅದನ್ನು ಅಳಿಸಿ, ಅದೇ ಹೆಸರಿನಲ್ಲಿ ಬೇರೆ ತಂತ್ರಾಂಶವನ್ನು ಹೂಡಿದರೆ ಇತರ ಸರ್ವರುಗಳು ಹಳೆಯ ಗುರುತನ್ನು ನೆನಪಿಟ್ಟುಕೊಂಡು ಹೊಸ ಖಾತೆಯನ್ನು ತಿರಸ್ಕರಿಸುವುದುಂಟು. ಪ್ರಯೋಗಕ್ಕೆಂದು ಮುಖ್ಯ ಹೆಸರನ್ನು ಬಳಸದೆ, ಅದರ ಕೆಳಗೆ ಉಪಹೆಸರೊಂದನ್ನು ಮಾಡಿಕೊಂಡರೆ ಮುಂದೆ ತಂತ್ರಾಂಶ ಬದಲಿಸುವ ಸ್ವಾತಂತ್ರ್ಯ ಉಳಿಯುತ್ತದೆ.

ನಮ್ಮ ತಾಲ್ಲೂಕುಗಳ ಮಟ್ಟಿಗೆ

ಗಿರಾಕಿಗಳು ಇಂದು ವಾಟ್ಸ್‌ಆ್ಯಪ್‌ನಲ್ಲಿರುವಾಗ ಅದನ್ನು ತೊರೆಯಿರೆಂದು ಹೇಳುವುದು ಅವ್ಯಾವಹಾರಿಕ. ಮಂಡಿಯ ದಿನದ ಧಾರಣೆಯನ್ನು ಸುತ್ತಲಿನ ರೈತರಿಗೆ ತಿಳಿಸಲು ಅದಕ್ಕಿಂತ ವೇಗವಾದ ಸಾಧನ ಸದ್ಯಕ್ಕಿಲ್ಲ. ದೂರದ ಹಾಗೂ ಹೊರರಾಜ್ಯದ ಖರೀದಿದಾರರನ್ನು ಅರಸುವ ನೂಲು ವ್ಯಾಪಾರಿ, ಸೀರೆ ತಯಾರಕ, ದ್ರಾಕ್ಷಿ ಸಗಟುದಾರ, ಇಂತಹವರಿಗೆ ವರ್ಡ್‌ಪ್ರೆಸ್ ಜಾಲತಾಣ ಹಾಗೂ ಪ್ಲಗಿನ್ ಅತಿ ಕಡಿಮೆ ಖರ್ಚಿನ ಆರಂಭ. ಸರ್ವರ್ ನೋಡಿಕೊಳ್ಳಲು ಬಲ್ಲವರು ಮನೆಯಲ್ಲಿಯೇ ಇದ್ದರೆ ಗೊಟುಸೋಶಿಯಲ್. ಯಂತ್ರ ದುಡಿಯುವುದನ್ನು ತೋರಿಸಬೇಕಾದ ಗೌರಿಬಿದನೂರಿನ ತಯಾರಕರು ಪಿಯರ್‌ಟ್ಯೂಬ್ ಅನ್ನು ಪರಿಶೀಲಿಸಬಹುದಾದರೂ ದೃಶ್ಯಚಿತ್ರ ಸಂಗ್ರಹಣೆಯ ಬಾಡಿಗೆಯನ್ನು ಮೊದಲೇ ಲೆಕ್ಕ ಹಾಕತಕ್ಕದ್ದು.

ನಾಲ್ಕೂ ಪಟ್ಟಣಗಳ ವರ್ತಕರು ಸೇರಿ ಸಂಘದ ಹೆಸರಿನಲ್ಲಿ ಒಂದು ಸಾಮಾನ್ಯ ಸರ್ವರು ನಡೆಸುವುದು ಆಕರ್ಷಕವಾದ ಆಲೋಚನೆ. ಆದರೆ ಇತರರ ಬರಹಗಳಿಗೆ ನೆಲೆ ಒದಗಿಸುವವರು ಕಾನೂನಿನ ದೃಷ್ಟಿಯಲ್ಲಿ ಮಧ್ಯವರ್ತಿಗಳಾಗುತ್ತಾರೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಮಧ್ಯವರ್ತಿಯು ದೂರು ಪರಿಹಾರ ಅಧಿಕಾರಿಯೊಬ್ಬರನ್ನು ನೇಮಿಸಿ, ಅವರ ಹೆಸರು ಮತ್ತು ಸಂಪರ್ಕ ವಿವರಗಳನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ದೂರುಗಳನ್ನು ಗೊತ್ತುಪಡಿಸಿದ ಕಾಲಮಿತಿಯೊಳಗೆ ಇತ್ಯರ್ಥಗೊಳಿಸಬೇಕು. ಕಾಲಮಿತಿಗಳು ತಿದ್ದುಪಡಿಗೊಳ್ಳುತ್ತಿರುವುದರಿಂದ ಜಾರಿಯಲ್ಲಿರುವ ನಿಯಮವನ್ನು ಕಾನೂನು ಸಲಹೆಗಾರರಿಂದ ಖಚಿತಪಡಿಸಿಕೊಂಡು, ಈ ಹೊಣೆಯನ್ನು ಹೊರುವ ಪದಾಧಿಕಾರಿ ಯಾರೆಂಬುದು ಸಭೆಯಲ್ಲಿ ತೀರ್ಮಾನವಾದ ನಂತರವೇ ಸರ್ವರಿನ ಬಾಡಿಗೆಗೆ ಹಣ ಮಂಜೂರು ಮಾಡುವುದು ಸೂಕ್ತ.