ಗೆದ್ದವರ ಬಿಲ್ಲೆ, ನಮ್ಮ ನೆಲದ ಓದು

ಕಾಫಿ ಸೀಮೆಯ ಹಳೆಯ ಬಂಗಲೆಗಳು ಕೈ ಬದಲಾಗುವಾಗ ಬೀರು, ಬೆತ್ತದ ಕುರ್ಚಿ, ಕಾಟಿಯ ಕೊಂಬುಗಳ ಜೊತೆ ಒಮ್ಮೊಮ್ಮೆ ಅಂಗೈಯಗಲದ ಲೋಹದ ಬಿಲ್ಲೆಗಳೂ ಹೊರಬರುತ್ತವೆ. ಅವು ಚಲಾವಣೆಯ ನಾಣ್ಯಗಳಲ್ಲ. ಯುದ್ಧದ ಗೆಲುವು, ಪಟ್ಟಾಭಿಷೇಕ, ವಸ್ತುಪ್ರದರ್ಶನಗಳ ನೆನಪಿಗೆ ಯುರೋಪಿನ ಟಂಕಸಾಲೆಗಳು ಹೊರತಂದ ಸ್ಮಾರಕ ಪದಕಗಳು. ಮೂಡಿಗೆರೆ ಕಡೆಯ ತೋಟದಲ್ಲಿದ್ದುಕೊಂಡೇ ಇವನ್ನು ಕೂಡಿಹಾಕುತ್ತ ಬಂದಿದ್ದೇನೆ. ಕಲಿತದ್ದನ್ನು ಹೊಸಬರಿಗೆಂದು ಇಲ್ಲಿ ಬರೆದಿದ್ದೇನೆ.

1. ನಮ್ಮ ನೆಲಕ್ಕೆ ತಾಗಿದ್ದರಿಂದ ಶುರುಮಾಡಿ

ಹದಿನೈದನೆಯ ಶತಮಾನದಲ್ಲಿ ಇಟಲಿಯ ಪಿಸನೆಲ್ಲೊ ಎರಕ ಹೊಯ್ದ ಪದಕಗಳಿಂದ ಮೊದಲ್ಗೊಂಡು ಯುರೋಪು ಮಾಡಿದ ಪದಕಗಳಿಗೆ ಲೆಕ್ಕವಿಲ್ಲ. ಎಲ್ಲದರ ಬೆನ್ನು ಹತ್ತಿದರೆ ತೋಟ ಮಾರಿದರೂ ಸಾಲದು. ಮೈಸೂರಿಗೆ ಸಂಬಂಧಪಟ್ಟವನ್ನು ಮೊದಲು ಹಿಡಿಯಿರಿ. 1799ರಲ್ಲಿ ಟಿಪ್ಪು ಸುಲ್ತಾನನ ರಾಜಧಾನಿ ಶ್ರೀರಂಗಪಟ್ಟಣ ಬ್ರಿಟಿಷರ ವಶವಾದ ಮೇಲೂ ನಮ್ಮ ನೆರೆಯ ಬಲಂ ಸೀಮೆಯ ಪಾಳೆಯಗಾರ ಕೃಷ್ಣಪ್ಪ ನಾಯಕ ತಲೆಬಾಗಲಿಲ್ಲ. 1802ರಲ್ಲಿ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯೇ ಪಡೆ ಕಟ್ಟಿಕೊಂಡು ಅರಕೆರೆಯ ಕಾಡಿಗೆ ನುಗ್ಗಬೇಕಾಯಿತು. ಬ್ರಿಟಿಷ್ ಪ್ಲಾಂಟರುಗಳು ಈ ಬೆಟ್ಟ ಹತ್ತಿದ್ದು ಅದಾದ ಮೇಲೆ. ಈ ಜಾಡು ತಿಳಿದವರಿಗೆ 1799ರ ಆ ಗೆಲುವಿನ ನೆನಪಿಗೆ ಹೊರತಂದ ಪದಕ ಮನೆಯ ಕಥೆಯಾಗುತ್ತದೆ.

2. ಮಾಡಿಸಿದವರು ಯಾರೆಂದು ಕೇಳಿ

ಶ್ರೀರಂಗಪಟ್ಟಣದ ಪದಕವನ್ನು ಮಾಡಿಸಿದ್ದು ಈಸ್ಟ್ ಇಂಡಿಯಾ ಕಂಪನಿ. ಅಚ್ಚು ಕೆತ್ತಿದವನು ಕಾನ್ರಾಡ್ ಹೈನ್ರಿಖ್ ಕೂಖ್ಲರ್. ಒತ್ತಿದ್ದು ಬರ್ಮಿಂಗ್‌ಹ್ಯಾಮ್ ಬಳಿ ಮ್ಯಾಥ್ಯೂ ಬೋಲ್ಟನ್ ನಡೆಸುತ್ತಿದ್ದ ಸೋಹೋ ಟಂಕಸಾಲೆ. ಒಂದು ಬದಿಯಲ್ಲಿ ಬ್ರಿಟನ್ನಿನ ಸಿಂಹ ಹುಲಿಯನ್ನು ಕೆಡವಿ ಮೇಲೆ ನಿಂತಿದೆ. ಇನ್ನೊಂದು ಬದಿಯಲ್ಲಿ ಕೋಟೆಗೆ ಲಗ್ಗೆ. ದಾಳಿ ನಡೆದದ್ದು ನಡುಹಗಲಾದ್ದರಿಂದ ಸೂರ್ಯ ನೆತ್ತಿಯ ಮೇಲಿದ್ದಾನೆ. ಸಿಂಹದ ಮೇಲಿನ ಬಾವುಟದಲ್ಲಿ ಅರಬ್ಬಿ ಬರಹವಿದೆ: ದೇವರ ಸಿಂಹವೇ ವಿಜಯಿ. ಇದು ಟಿಪ್ಪುವಿನ ಆಯುಧಗಳ ಮೇಲೆ ಹುಲಿಮುಖದ ಆಕಾರದಲ್ಲಿ ಬರೆಸಿದ್ದ ಮಾತು. ಸೋತವನ ಘೋಷಣೆಯನ್ನೇ ಕಿತ್ತು ಗೆದ್ದವರು ತಮ್ಮ ಸಿಂಹಕ್ಕೆ ತೊಡಿಸಿದರು. ಇಷ್ಟನ್ನು ಓದಲು ಬಾರದಿದ್ದರೆ ಕೈಯಲ್ಲಿರುವುದು ಬರೀ ಲೋಹ.

3. ಎದುರು ಸಾಕ್ಷಿಯನ್ನು ಪಕ್ಕಕ್ಕಿಡಿ

ಕೂಖ್ಲರನದೇ ಇನ್ನೊಂದು ಕೆಲಸ ಕಾರ್ನ್‌ವಾಲಿಸ್ ಪದಕ. ಯುದ್ಧ ಸೋತ ಮೇಲಿನ 1792ರ ಒಪ್ಪಂದದಂತೆ ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಒತ್ತೆಯಾಗಿ ಸ್ವೀಕರಿಸುವ ದೃಶ್ಯ. ಪದಕದಲ್ಲಿ ಅದು ದೊಡ್ಡವನೊಬ್ಬನ ಔದಾರ್ಯದಂತೆ ಕಾಣುತ್ತದೆ. ಆ ಹುಡುಗರು ಹತ್ತರ ಆಸುಪಾಸಿನವರು. ತಂದೆ ಅರ್ಧ ರಾಜ್ಯ ಬಿಟ್ಟುಕೊಟ್ಟು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗೆ ಒಪ್ಪಿ, ಅವರನ್ನು ಮರಳಿ ಕಂಡದ್ದು 1794ರಲ್ಲಿ. ಇದಾವುದೂ ಪದಕದಲ್ಲಿಲ್ಲ. ಹಾಗಾಗಿ ಈ ಪದಕ ಕೊಂಡವರು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಗೆ ಹೋಗಿ ಗೋಡೆಯ ಮುಂದೆ ನಿಲ್ಲಬೇಕು. 1780ರ ಪೊಲ್ಲಿಲೂರು ಕದನದಲ್ಲಿ ಕರ್ನಲ್ ಬೈಲಿಯ ಪಡೆಯನ್ನು ಹೈದರ್ ಮತ್ತು ಟಿಪ್ಪು ನುಚ್ಚುನೂರು ಮಾಡಿದ ಚಿತ್ರ ಅಲ್ಲಿದೆ. ಅದೂ ಗೆದ್ದವರು ಬರೆಸಿದ್ದೇ. ಎರಡನ್ನೂ ನೋಡಿದವರಿಗೆ ಎರಡರ ಮರೆಮಾಚುವಿಕೆಯೂ ತಿಳಿಯುತ್ತದೆ.

4. ಯಾವ ಲೋಹ, ಯಾರ ಕೈಗೆ

ಶ್ರೀರಂಗಪಟ್ಟಣದ ಪದಕವನ್ನು ಅಂತಸ್ತು ನೋಡಿ ಹಂಚಿದರು. ಜನರಲ್‌ಗಳಿಗೆ ಚಿನ್ನ, ಹಿರಿಯ ಅಧಿಕಾರಿಗಳಿಗೆ ಚಿನ್ನದ ನೀರು ಕುಡಿಸಿದ ಬೆಳ್ಳಿ, ಕಿರಿಯರಿಗೆ ಬೆಳ್ಳಿ, ಹವಾಲ್ದಾರರ ದರ್ಜೆಗೆ ಕಂಚು, ಸಾಮಾನ್ಯ ಸಿಪಾಯಿಗೆ ತವರ. ತವರದವು ಸುಮಾರು 45,000. ಸಿಪಾಯಿಗಳಲ್ಲಿ ಬಹುಪಾಲು ನಮ್ಮ ದಕ್ಷಿಣದ ಹಳ್ಳಿಗಳ ಮಕ್ಕಳು. ತವರ ಮೆತ್ತಗಿನ ಲೋಹ, ಬೇಗ ಹಾಳಾಗುತ್ತದೆ. ಸಂಗ್ರಹಕಾರರು ಚಿನ್ನಕ್ಕೆ ಹಾತೊರೆಯುತ್ತಾರೆ. ನನ್ನ ಕಣ್ಣಿಗೆ ಸವೆದ ತವರದ ಬಿಲ್ಲೆಯೇ ಹೆಚ್ಚಿನದು.

5. ಅಂಚು ನೋಡದೆ ಹಣ ಕೊಡಬೇಡಿ

ನೆಪೋಲಿಯನ್‌ನ 1805ರ ಪದಕವೆಂದು ಮಾರುವವರು ಇಸವಿ ಇರುವ ಮುಖವನ್ನೇ ತೋರಿಸುತ್ತಾರೆ. ನೀವು ಅಂಚನ್ನು ತಿರುಗಿಸಿ. ಪ್ಯಾರಿಸ್ ಟಂಕಸಾಲೆ ಅಂಚಿನಲ್ಲಿ ಗುರುತು ಒತ್ತುತ್ತಿತ್ತು: ಬೆರಳು ಚಾಚಿದ ಕೈ ಇದ್ದರೆ 1845ರಿಂದ 1860ರ ನಡುವಿನದು, ಜೇನುನೊಣವಿದ್ದರೆ 1860ರಿಂದ 1880ರದ್ದು, ಹೂಹಣ್ಣು ತುಂಬಿದ ಕೊಂಬು ಇದ್ದರೆ 1880ರ ಈಚಿನದು. ಅಂಥದ್ದು ಹಳೆಯ ಅಚ್ಚಿನ ಮರುಮುದ್ರಣ. ಕೊಳ್ಳಬಹುದು, ಆದರೆ ಮರುಮುದ್ರಣದ ಬೆಲೆಗೆ. ಎರಕದ ನಕಲು ಬೇರೆಯೇ ಪಿಡುಗು. ಕರಗಿದ ಲೋಹ ತಣಿಯುವಾಗ ಕುಗ್ಗುವುದರಿಂದ ನಕಲು ಮೂಲಕ್ಕಿಂತ ತುಸು ಚಿಕ್ಕದು. ಭೂತಗನ್ನಡಿಯಲ್ಲಿ ಸೂಜಿಮೊನೆಯಂಥ ತೂತುಗಳು, ಅಂಚಿನಲ್ಲಿ ಅರ ಉಜ್ಜಿದ ಗೆರೆಗಳು ಕಾಣುತ್ತವೆ. ಸೋಹೋದ ಶ್ರೀರಂಗಪಟ್ಟಣ ಪದಕದ ಅಡ್ಡಳತೆ 48 ಮಿಲಿಮೀಟರ್; ಅಳತೆಪಟ್ಟಿ ಜೇಬಿನಲ್ಲಿರಲಿ.

6. ಹುಣಸೆಹಣ್ಣು ದೂರವಿರಲಿ

ದೇವರಮನೆಯ ತಾಮ್ರದ ಚೊಂಬನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವ ಕೈ ಪದಕವನ್ನೂ ತಿಕ್ಕಲು ಹೋಗುತ್ತದೆ. ಒಂದೇ ಉಜ್ಜಿಗೆ ಇನ್ನೂರು ವರ್ಷದ ಮೈಬಣ್ಣ ಹೋಯಿತೆಂದರೆ ಮರಳಿ ಬಾರದು. ಕಳಸ, ಮೂಡಿಗೆರೆಯ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಕಂಚಿಗೆ ಹಸಿರು ಕಿಲುಬು ಹಿಡಿಯಲು ಹೆಚ್ಚು ದಿನ ಬೇಡ. ಮೆತ್ತನೆಯ ಪಿವಿಸಿ ಚೀಲ ಬೇಡ, ಅದು ತಾನೇ ಅಂಟು ಬಿಟ್ಟು ಲೋಹವನ್ನು ತಿನ್ನುತ್ತದೆ. ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಮುಂಗಾರಿಗೆ ಮೊದಲು ಜೆಲ್ ಬದಲಿಸಿ. ಮುಟ್ಟುವಾಗ ಅಂಚನ್ನಷ್ಟೇ ಹಿಡಿಯಿರಿ.

7. ನೂರು ದಾಟಿದ್ದು ಗಡಿ ದಾಟುವಂತಿಲ್ಲ

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷ ತುಂಬಿದ ಇಂಥ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ವಿದೇಶದಲ್ಲಿರುವ ಮಗನಿಗೋ ಮಗಳಿಗೋ ಉಡುಗೊರೆಯೆಂದರೂ ಇದೇ ನಿಯಮ. ಸಂಗ್ರಹ ಮುಂದೆ ಯಾರ ಕೈಗೆ ಹೋಗಬೇಕೆಂಬುದನ್ನು ಈಗಲೇ ತೀರ್ಮಾನಿಸಿ.

8. ಪ್ರತಿ ಪದಕಕ್ಕೂ ಒಂದು ಚೀಟಿ ಬರೆಯಿರಿ

1886ರ ಮೇ 4ರಂದು ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿ ವಸಾಹತುಗಳ ಮತ್ತು ಭಾರತದ ವಸ್ತುಪ್ರದರ್ಶನವನ್ನು ಉದ್ಘಾಟಿಸಿದಳು. ಅದರ ಕಂಚಿನ ಪದಕದಲ್ಲಿ ಲಿಯೊನಾರ್ಡ್ ವಯಾನ್ ಕೆತ್ತಿದ ಯುವರಾಜನ ಮುಖವಿದೆ. ವಸಾಹತುಗಳ ತೋಟಗಳಲ್ಲಿ ದುಡಿದವರ ಸುಳಿವು ಅದರಲ್ಲಿಲ್ಲ. ಘಟ್ಟದ ಕೆಳಗಿನ ತುಳುನಾಡಿನಿಂದ ನಮ್ಮ ತೋಟಗಳಿಗೆ ಹತ್ತಿ ಬಂದ ಆಳುಗಳಿಗೆ ಯಾರೂ ಪದಕ ಒತ್ತಿಸಲಿಲ್ಲ. ಆದ್ದರಿಂದ ಚೀಟಿಯಲ್ಲಿ ಅಳತೆ, ತೂಕ, ಕೆತ್ತಿದವನ ಹೆಸರು, ಯಾವ ಊರಿನ ಯಾವ ಮನೆಯಿಂದ ಬಂತು ಎಂಬುದರ ಜೊತೆ ಇನ್ನೊಂದು ಸಾಲು ಸೇರಿಸಿ: ಈ ಪದಕ ಯಾರನ್ನು ಬಿಟ್ಟಿದೆ? ಆ ಸಾಲನ್ನು ಬರೆಯಲು ಬೇಕಾದ ತಿಳಿವಳಿಕೆ ಇರುವುದು ಈ ಬೆಟ್ಟಗಳಲ್ಲಿ ಬಾಳಿದ ನಮ್ಮ ಬಳಿ. ನಾವು ಬರೆಯದಿದ್ದರೆ ಮುಂದಿನವರಿಗೆ ಗೆದ್ದವರ ಮಾತು ಮಾತ್ರ ಉಳಿಯುತ್ತದೆ.