ಮಕ್ಕಳಿಗೊಂದು ಮರದ ಚಕ್ಕಡಿ

ಆಷಾಢದ ಮಳೆ ಹಿಡಿದು ತೋಟದ ಕೆಲಸ ನಿಂತ ದಿನಗಳಲ್ಲಿ ಉಳಿ, ಗರಗಸ ಹಿಡಿದು ಕೂರುವ ಹವ್ಯಾಸ ನಮ್ಮ ಸದಸ್ಯ ಬಾಂಧವರಲ್ಲಿ ಕೆಲವರಿಗಾದರೂ ಇದೆ. ಮರಕ್ಕಾಗಿ ಪೇಟೆಗೆ ಹೋಗಬೇಕಾಗಿಲ್ಲ. ನೆರಳು ಕಡಿದಾಗ ಬಿದ್ದದ್ದೇ ಸಾಕು. ಈ ಪಾಠದಲ್ಲಿ ಆಟಿಕೆಯ ಚಕ್ಕಡಿಯೊಂದನ್ನು ಮಾಡುವ ಬಗೆಯನ್ನು ತಿಳಿಸುತ್ತೇನೆ. ಚಕ್ಕಡಿಯೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಎತ್ತಿನಗಾಡಿ. ಆ ಸೀಮೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲಿ ಮಣ್ಣಿನ ಜೋಡೆತ್ತು ಮಾಡಿ ಪೂಜಿಸುತ್ತಾರೆ. ಎತ್ತು ಮತ್ತೆ ಮಣ್ಣಿಗೇ ಹೋಗುತ್ತದೆ. ಗಾಡಿ ಮರದ್ದಾದರೆ ಮುಂದಿನ ವರ್ಷಕ್ಕೂ ಉಳಿಯುತ್ತದೆ.

ನಾನು ಮಾಡಿದ ಮೊದಲನೆಯದು ಉಳಿಯಲಿಲ್ಲ. ನನ್ನ ಹುಟ್ಟೂರು ರಾಯಬಾಗ ತಾಲ್ಲೂಕಿನದು, ಅನ್ನ ಮಲೆನಾಡಿನದು. ಅಥಣಿಗೆ ಕೊಟ್ಟ ತಂಗಿಯ ಕೂಸಿಗೆಂದು ಒಂದು ಮಳೆಗಾಲದಲ್ಲಿ ಸಿಲ್ವರ್ ಓಕ್ ಕೊಂಬೆಯನ್ನು ಸೌತೆಕಾಯಿ ಹೋಳಿನಂತೆ ಅಡ್ಡಕ್ಕೆ ಕೊಯ್ದು ಗಾಲಿ ಮಾಡಿದೆ. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಸಣ್ಣ ಕೀಲು ಹೊಡೆದು ಕಳಿಸಿದೆ. ಏಪ್ರಿಲ್‌ನಲ್ಲಿ ತಂಗಿ ಫೋನು ಮಾಡಿದಳು: “ಅಣ್ಣಾ, ಗಾಲಿ ಎರಡೂ ಸೀಳ್ಯಾವು. ಕೀಲು ಉದುರಿ ಕೂಸಿನ ಬಾಯಾಗಿತ್ತು. ನಾ ಕಂಡೆ, ತಗದೆ. ಕಾಣದಿದ್ರ?” ಆಮೇಲೆ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತಪ್ಪು ಎರಡು. ಮೊದಲನೆಯದು ತೇವದ್ದು. ಒಣಗಿತೆಂದು ನಾವು ಭಾವಿಸುವ ಮರದಲ್ಲಿಯೂ ನೀರಿರುತ್ತದೆ, ಅದು ಆಯಾ ಊರಿನ ಗಾಳಿಗೆ ತಕ್ಕಂತೆ ಏರಿಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮಾಡಿನ ಕೆಳಗಿಟ್ಟ ಮರದಲ್ಲಿ, ಒಣತೂಕ 100 ಪಾಲು ಎಂದರೆ, ನೀರು 16ರಿಂದ 20 ಪಾಲು ಇರುತ್ತದೆ. ಅಥಣಿಯ ಬೇಸಿಗೆಯಲ್ಲಿ ಅದು 6–8 ಪಾಲಿಗೆ ಇಳಿಯುತ್ತದೆ. ಇಲ್ಲಿ ಬಿಗಿಯಾಗಿದ್ದದ್ದು ಅಲ್ಲಿ ಸಡಿಲವಾಗುವುದು ಅದರಿಂದಲೇ.

ಎರಡನೆಯದು ಕೊಯ್ತದ್ದು. ಮರ ಒಣಗುವಾಗ ಎಲ್ಲ ಕಡೆಗೂ ಸಮನಾಗಿ ಕುಗ್ಗುವುದಿಲ್ಲ. ಉದ್ದಕ್ಕೆ ಕುಗ್ಗುವುದು ಅತ್ಯಲ್ಪ. ತಿರುಳಿನಿಂದ ತೊಗಟೆಯತ್ತ ಎಷ್ಟು ಕುಗ್ಗುತ್ತದೆಯೋ, ವರ್ಷದ ಬಳೆಗಳ ಸುತ್ತ ಅದರ ಸುಮಾರು ಎರಡರಷ್ಟು ಕುಗ್ಗುತ್ತದೆ. ಇಡೀ ಹೋಳಿನಲ್ಲಿ ಸುತ್ತಳತೆ ಕಡಿಮೆಯಾಗಬೇಕು, ಒಳಗಿನದು ಅಷ್ಟು ಜಾಗ ಬಿಡುವುದಿಲ್ಲ; ಹಾಗಾಗಿ ತಿರುಳಿನಿಂದ ಅಂಚಿಗೆ ಸೀಳು ಬೀಳಲೇಬೇಕು. ನಮ್ಮ ಕಡೆಯ ಬಡಿಗರು ಜಾಲಿಮರದಲ್ಲಿ ದೊಡ್ಡ ಗಾಲಿ ಮಾಡುವಾಗ ಗುಂಬ, ಅರ, ಹೊರಸುತ್ತು ಎಂದು ಬೇರೆಬೇರೆ ತುಂಡು ಕೂಡಿಸಿ, ಕಾಸಿದ ಕಬ್ಬಿಣದ ಹಳಿಯನ್ನು ಮೇಲೆ ತೊಡಿಸುತ್ತಿದ್ದರು. ಇದನ್ನು ನೋಡುತ್ತಲೇ ಬೆಳೆದ ನಾನು ಹೋಳು ಕೊಯ್ದೆ!

ಆದ್ದರಿಂದ ಗಾಲಿಯನ್ನು ಹಲಗೆಯಿಂದ ಕತ್ತರಿಸಬೇಕು. ಮುಕ್ಕಾಲು ಅಂಗುಲ ದಪ್ಪದ ಸಿಲ್ವರ್ ಓಕ್ ಹಲಗೆಯ ಮೇಲೆ ಕೈವಾರದಿಂದ ನಾಲ್ಕಂಗುಲ ವ್ಯಾಸದ ವೃತ್ತ ಎಳೆಯಿರಿ. ತಿರುಳು ಹಾಯ್ದ ಹಲಗೆ ಬೇಡ. ಇಂಥ ಗಾಲಿ ಒಣಗಿದರೆ ಕೂದಲೆಳೆಯಷ್ಟು ಮೊಟ್ಟೆಯಾಕಾರಕ್ಕೆ ತಿರುಗೀತು, ಸೀಳುವುದಿಲ್ಲ. ಈ ಮರದ ಹುಡಿ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಬೇರೆ ಮರಗಳ ವಿಷಯ. ಹಾಲುವಾಣ ಹಗುರ, ಕೆತ್ತಲು ಬೆಣ್ಣೆ. ಅಂಬೋಲಿ ಘಟ್ಟದಾಚೆಯ ಸಾವಂತವಾಡಿಯ ಆಟಿಕೆಗಾರರು ಇದನ್ನೇ ಪಾಂಗಾರ ಎಂದು ಕರೆದು ಬಹುಕಾಲ ಬಳಸಿದರು. ಆದರೆ ಗಾಲಿಗೆ ಇದು ತೀರ ಮೆದು, ಹುಳವೂ ಬೇಗ ಹಿಡಿಯುತ್ತದೆ. ಚನ್ನಪಟ್ಟಣದವರ ಆಲೆಮರ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಅಡಿಕೆ ದಬ್ಬೆಯನ್ನು ಆಟಿಕೆಗೆ ಮುಟ್ಟಬೇಡಿ; ಅದರ ಸಿಬಿರು ಹೊಕ್ಕವರಿಗೆ ಕಾರಣ ಹೇಳಬೇಕಾಗಿಲ್ಲ. (ಅಡಿಕೆಯಿಂದ ಮಕ್ಕಳಿಗೆ ಸಿಗುವ ಉತ್ತಮ ಆಟಿಕೆ ಹಾಳೆಯೇ. ಒಬ್ಬನನ್ನು ಕೂರಿಸಿ ಇನ್ನೊಬ್ಬ ಎಳೆದರಾಯಿತು.) ಮೈ ಬಾತುಕೊಳ್ಳುವ ಚೇರು, ವಿಷದ ಕಾಸರಕ, ಕಣಗಿಲೆ ಇವು ಕೊಟ್ಟಿಗೆಯೊಳಗೂ ಬರಕೂಡದು.

ಅಚ್ಚಿಗೆ ಕಾಫಿ ಗಿಡದ ಕಾಂಡ ಹೇಳಿಮಾಡಿಸಿದ್ದು: ಗಟ್ಟಿ, ನಯ, ಒತ್ತಾದ ನಾರು. ಆದರೆ ಕಾಂಡಕೊರಕಕ್ಕೆಂದು ಔಷಧಿ ಬಳಿದ ಹಳೆಯ ಅರೇಬಿಕಾ ಕಾಂಡ ಬೇಡ. ಹಿಂದೆ ಬಿ.ಎಚ್.ಸಿ., ಲಿಂಡೇನ್ ಬಳಿದ ತೋಟಗಳಿವೆ. ಅದು ಮಗುವಿನ ಬಾಯಿಗೆ ಹೋಗುವ ವಸ್ತುವಲ್ಲ. ಔಷಧಿ ಕಾಣದ ರೊಬಸ್ಟಾ ಕಾಂಡವನ್ನು, ಎರಡೂವರೆ ಅಂಗುಲ ದಪ್ಪದ್ದನ್ನು, ನಾಲ್ಕಾಗಿ ಸೀಳಿ ತಿರುಳು ಬಿಟ್ಟು ಒಂದು ಭಾಗವನ್ನು ಅಂಗುಲದ ಎಂಟನೇ ಐದು ಪಾಲು ದಪ್ಪಕ್ಕೆ ಗುಂಡಾಗಿ ಹೆರೆಯಬೇಕು. ಉದ್ದ 7 ಅಂಗುಲ.

ಒಣಗಿಸುವುದಕ್ಕೆ ಬಚ್ಚಲುಮನೆಯ ಹಂಡೆಒಲೆಯ ಮೇಲಿನ ಅಟ್ಟದಷ್ಟು ಒಳ್ಳೆಯ ಜಾಗವಿಲ್ಲ. ಹಬೆ ತಾಗದ ಮೂಲೆ ನೋಡಿ ಹಲಗೆ, ಅಚ್ಚು ಎರಡನ್ನೂ ಇಟ್ಟು, ಜೊತೆಗೆ ಅದೇ ಹಲಗೆಯ 200 ಗ್ರಾಂ ತುಂಡೊಂದನ್ನು ಇಡಿ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. 18 ಪಾಲು ನೀರಿದ್ದ ತುಂಡು 8 ಪಾಲಿಗೆ ಇಳಿದಾಗ ಸುಮಾರು 183 ಗ್ರಾಂ ತೂಗುತ್ತದೆ. ಅಲ್ಲಿಗೆ ಅದು ಅಥಣಿಗೆ ಹೋಗಲು ಸಿದ್ಧ. ಅಚ್ಚನ್ನು ಇನ್ನೊಂದು ವಾರ ಹೆಚ್ಚಿಗೆ ಬಿಡಿ.

ಈಗ ಜೋಡಣೆ. ನೆಲಹಲಗೆ 9 ಅಂಗುಲ ಉದ್ದ, 5 ಅಂಗುಲ ಅಗಲ. ಅದರಡಿ ಒಂದೂವರೆ ಅಂಗುಲ ದಪ್ಪದ ಅಡ್ಡ ದಿಮ್ಮಿ, ದಿಮ್ಮಿಯ ಉದ್ದಕ್ಕೂ ಮುಕ್ಕಾಲು ಅಂಗುಲದ ತೂತು. ನಿಜವಾದ ಚಕ್ಕಡಿಯಲ್ಲಿ ಅಚ್ಚು ನಿಂತು ಗಾಲಿ ತಿರುಗುತ್ತದೆ, ಅದಕ್ಕೇ ಕೀಲು ಬೇಕು. ನಾವು ಇದನ್ನು ತಿರುಗುಮುರುಗು ಮಾಡುತ್ತೇವೆ: ಗಾಲಿ ಅಚ್ಚಿಗೇ ಕಚ್ಚಿ, ಅಚ್ಚು ದಿಮ್ಮಿಯ ತೂತಿನಲ್ಲಿ ಸಡಿಲವಾಗಿ ತಿರುಗುತ್ತದೆ. ಉದುರಲು ಕೀಲೇ ಇಲ್ಲ. ಗಾಲಿಯ ತೂತು ಅಚ್ಚಿನಷ್ಟೇ ಇರಲಿ, ಮೆಲ್ಲಗೆ ಬಡಿದು ಕೂರಿಸಿ. ಅಚ್ಚು ಕುಗ್ಗುವಷ್ಟೂ ಕುಗ್ಗಿಯಾಗಿದೆ. ಮುಂದೆ ಗಾಲಿ ಒಣಗಿದರೆ ಅದರ ತೂತೂ ಕಿರಿದಾಗಿ ಇನ್ನಷ್ಟು ಹಿಡಿಯುತ್ತದೆ. ಅಚ್ಚಿನ ತುದಿ ಸೀಳಿ ತೆಳು ಬೆಣೆ ಹೊಡೆದು, ಹೊರಚಾಚಿದ್ದನ್ನು ಗಾಲಿಯ ಮಟ್ಟಕ್ಕೆ ಕೊಯ್ಯಿರಿ. ಬೆಣೆಯ ಗೆರೆ ಗಾಲಿಯ ನಾರಿಗೆ ಅಡ್ಡವಾಗಿರಲಿ. ನಾರಿನುದ್ದಕ್ಕೆ ಹೊಡೆದರೆ ಗಾಲಿ ಎರಡು ಹೋಳು. ಗಾಲಿಗೂ ದಿಮ್ಮಿಗೂ ನಡುವೆ ಅಂಗುಲದ ಎಂಟನೇ ಒಂದು ಪಾಲು ಸಂದು ಸಾಕು, ಬೆರಳು ಸಿಕ್ಕಬಾರದು. ಈಸು, ನೊಗ ನಿಮ್ಮ ಇಷ್ಟದಂತೆ, ತುದಿಗಳು ಮೊಂಡಾಗಿರಬೇಕು. ಈಗಿನ ಅಥಣಿ ಮಕ್ಕಳು ಕಬ್ಬಿನ ಟ್ರಾಕ್ಟರನ್ನೇ ಕೇಳಿದರೆ ಅದಕ್ಕೂ ಇದೇ ಅಚ್ಚು ನಡೆಯುತ್ತದೆ.

ಮಾಡಿ ಮುಗಿದ ಮೇಲೆ ಪರೀಕ್ಷೆ. ಒಳವ್ಯಾಸ ಒಂದೂಕಾಲು ಅಂಗುಲ, ಉದ್ದ ಎರಡೂಕಾಲು ಅಂಗುಲದ ರಟ್ಟಿನ ಕೊಳವೆ ಮಾಡಿ. ಎಳೆದರೆ, ಬೀಳಿಸಿದರೆ ಬಿಡಿಯಾಗಬಹುದಾದ ಯಾವ ತುಂಡೂ ಅದರೊಳಗೆ ಪೂರ್ತಿ ಅಡಗಕೂಡದು. ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಹಿಡಿಯುವ ಅಳತೆ ಇದು.

ಬಣ್ಣ ಬೇಕೆನಿಸುವುದು ಸಹಜ. ಆದರೆ ಗೇಟಿಗೆ ಬಳಿದು ಉಳಿದ ಹಳೆಯ ಡಬ್ಬಿಯನ್ನು ತೆರೆಯಬೇಡಿ. ಹಳದಿ, ಕೇಸರಿ, ಕೆಂಪಿನಲ್ಲಿ ಸೀಸ ಹೆಚ್ಚು. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲು ಮೀರಬಾರದೆಂಬ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ. ನನ್ನ ರೂಢಿ ಬೇರೆ: ನಾಲ್ಕು ಪಾಲು ಹಸಿ ಅಗಸೆಎಣ್ಣೆಗೆ ಒಂದು ಪಾಲು ಜೇನುಮೇಣ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ ತೆಳುವಾಗಿ ಒರೆಸುವುದು. ಅಗಸೆ ನಮ್ಮ ಸೀಮೆಯದು, ಮೇಣ ನಿಮ್ಮದು. ಬಣ್ಣದಂಗಡಿಯ ಕುದಿಸಿದ ಅಗಸೆಎಣ್ಣೆಯಲ್ಲಿ ಬೇಗ ಒಣಗಲು ಲೋಹದ ಲವಣ ಸೇರಿಸಿರುತ್ತಾರೆ, ಅದನ್ನು ತರಬೇಡಿ. ಹಸಿ ಎಣ್ಣೆ ಒಣಗಲು ಎರಡು ಮೂರು ವಾರ ಹಿಡಿಯುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಳಗೇ ಕಾವೇರಿ ತಾನಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ತಂತಿಯ ಮೇಲೆ ಹರವಿ, ಗರಿಯಾಗಿ ಒಣಗಿದ ಮೇಲೆ ಒಲೆಗೆ ಹಾಕಿ.