ಆಪರೇಷನ್ ಮಾಡಿಸಿದರೆ ಮಕ್ಕಳಾಗುವುದಿಲ್ಲವೇ?

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಹೆಣ್ಣುಮಕ್ಕಳು ಮುಟ್ಟಿನ ಹೊಟ್ಟೆನೋವು ಹೇಳಿಕೊಂಡರೆ ನಮ್ಮ ಮನೆಗಳಲ್ಲಿ ಸಿಗುವ ಉತ್ತರ ಹೆಚ್ಚಾಗಿ ಒಂದೇ: "ಸಹಿಸಿಕೊ, ಮದುವೆಯಾದರೆ ಸರಿಹೋಗುತ್ತದೆ." ತಿಂಗಳು ತಿಂಗಳೂ ಕಾಲೇಜು ಬಿಟ್ಟು ಮಲಗುವಷ್ಟು ನೋವು ಬಂದರೆ ಅದು ಸಹಿಸಿಕೊಳ್ಳುವ ಮಾತಲ್ಲ. ಅದು ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆ ಇರಬಹುದು. ಗರ್ಭಕೋಶದ ಒಳಪದರದಂಥ ಪೊರೆ ಅದರ ಹೊರಗೆ, ಅಂಡಾಶಯ ಮೊದಲಾದ ಕಡೆ ಬೆಳೆದು ಊತವನ್ನೂ ಅಂಟನ್ನೂ ಉಂಟುಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ 10 ಮಂದಿಯಲ್ಲಿ ಒಬ್ಬರಿಗೆ ಇದು ಇದೆ. ಮದುವೆ ಇದಕ್ಕೆ ಮದ್ದಲ್ಲ.

ವೈದ್ಯರು ಆಪರೇಷನ್ ಎಂದೊಡನೆ ತಾಯಿಯ ಎದೆ ಝಲ್ಲೆನ್ನುತ್ತದೆ. ಈ ಭಯ ಬರೀ ಮೂಢತನವಲ್ಲ. ಕಲಬುರಗಿ ಜಿಲ್ಲೆಯಲ್ಲಿ ಬಡ ಹೆಂಗಸರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದ ಸಂಗತಿ 2015ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಆದರೆ ಹರೆಯದ ಹುಡುಗಿಗೆ ಸಾಮಾನ್ಯವಾಗಿ ಹೇಳುವುದು ಲ್ಯಾಪರೋಸ್ಕೋಪಿ: ಸಣ್ಣ ರಂಧ್ರಗಳ ಮೂಲಕ ಆ ಪೊರೆಯನ್ನು ತೆಗೆಯುತ್ತಾರೆ, ಗರ್ಭಕೋಶ ಉಳಿಯುತ್ತದೆ. ಅನಂತರ ಸಹಜವಾಗಿ ಗರ್ಭ ಧರಿಸಿದವರು ಅನೇಕರಿದ್ದಾರೆ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಅಂಡಾಶಯದಲ್ಲಿ 'ಚಾಕೊಲೇಟ್ ಸಿಸ್ಟ್' ಎಂಬ ಗಡ್ಡೆಯಿದ್ದು ಅದನ್ನು ತೆಗೆದರೆ ಅಂಡಗಳ ಸಂಗ್ರಹ ಕುಗ್ಗಬಹುದು. ಎರಡೂ ಬದಿಯಲ್ಲಿದ್ದರೆ ಅಥವಾ ಮತ್ತೊಮ್ಮೆ ಆಪರೇಷನ್ ಆದರೆ ಇನ್ನೂ ಹೆಚ್ಚು. ಆದ್ದರಿಂದ ಶಿವಮೊಗ್ಗಕ್ಕೆ ಹೋಗಲಿ, ಬೆಂಗಳೂರಿಗೆ ಹೋಗಲಿ, ಮೊದಲೇ ಕೇಳಿ: ಎ.ಎಂ.ಎಚ್. ರಕ್ತಪರೀಕ್ಷೆ ಆಗಿದೆಯೇ? ಸದ್ಯಕ್ಕೆ ಮಾತ್ರೆಯಿಂದ ಸಾಗಬಹುದೇ? ಅಂಡಾಶಯವನ್ನು ಉಳಿಸುತ್ತೀರಾ? ಒಪ್ಪಿಗೆ ಪತ್ರವನ್ನು ಮಗಳೇ ಓದಿ ಸಹಿ ಹಾಕಲಿ. ಬಿ.ಪಿ.ಎಲ್. ಕಾರ್ಡಿನವರು 'ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ'ದಲ್ಲಿ ನೆರವು ಸಿಗುವುದೇ ಎಂದು ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಲಿ.

ಇನ್ನು ಶರೀಅತ್. ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲವೆಂದೂ ಚಿಕಿತ್ಸೆ ಪಡೆಯಬೇಕೆಂದೂ ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಲೇಡಿ ಡಾಕ್ಟರ್ ಸಿಗದಿದ್ದಾಗ, ಅಗತ್ಯವಿರುವಷ್ಟರ ಮಟ್ಟಿಗೆ ಪುರುಷ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳಲು ಫಿಕ್ಹ್ ಅನುಮತಿ ಕೊಡುತ್ತದೆ. ದಂಪತಿಗಳ ಸ್ವಂತ ಅಂಡ, ವೀರ್ಯಗಳಿಂದ, ವಿವಾಹಬಂಧನದೊಳಗೆ, ಪ್ರನಾಳ ಶಿಶು ಚಿಕಿತ್ಸೆ ಮಾಡಿಸಬಹುದೆಂದು ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1986ರಲ್ಲಿ ಅಮ್ಮಾನ್‌ನಲ್ಲಿ ತೀರ್ಮಾನಿಸಿತು; ಮೂರನೆಯವರ ಅಂಡವಾಗಲಿ ವೀರ್ಯವಾಗಲಿ ಸಲ್ಲದು. ಮದುವೆಗೆ ಮುನ್ನ ಅಂಡಗಳನ್ನು ಶೀತಲೀಕರಿಸಿ ಇಡುವ ವಿಷಯದಲ್ಲಿ ಉಲಮಾಗಳು ಒಮ್ಮತದಲ್ಲಿಲ್ಲ. ವೈದ್ಯರ ವರದಿ ಹಿಡಿದು ಬಲ್ಲ ಮುಫ್ತಿಯವರನ್ನೇ ಕೇಳಿ. ಮೊಹಲ್ಲಾದ ಪಂಚಾಯಿತಿಯಲ್ಲಿ ತೀರ್ಮಾನವಾಗುವ ಮಾತಲ್ಲ ಇದು.

ನಿಕಾಹ್‌ಗೆ ಮುನ್ನ ವರನಿಗೆ ಹೇಳಬೇಕೇ? ಹೇಳುವುದೇ ಲೇಸೆಂದು ನನ್ನ ಅಭಿಪ್ರಾಯ. ಊರಿಗೆಲ್ಲ ಸಾರಬೇಕಿಲ್ಲ, ಕೈಹಿಡಿಯುವವನಿಗೆ ಮರೆಮಾಚಬಾರದು.

ಅಲ್ಲಾಹನು ಕೆಲವರಿಗೆ ಗಂಡುಮಕ್ಕಳನ್ನು, ಕೆಲವರಿಗೆ ಹೆಣ್ಣುಮಕ್ಕಳನ್ನು, ಕೆಲವರಿಗೆ ಇಬ್ಬರನ್ನೂ ಕೊಡುತ್ತಾನೆ, ಕೆಲವರಿಗೆ ಕೊಡುವುದಿಲ್ಲ ಎಂದು ಸೂರಃ ಅಶ್ಶೂರಾ ತಿಳಿಸುತ್ತದೆ. ಹಝ್ರತ್ ಆಯಿಶಾ(ರ)ರಿಗೆ ಮಕ್ಕಳಿರಲಿಲ್ಲ. ಅಕ್ಕ ಅಸ್ಮಾ(ರ)ರ ಮಗ ಅಬ್ದುಲ್ಲಾರ ಹೆಸರಿನಿಂದ ಅವರಿಗೆ 'ಉಮ್ಮು ಅಬ್ದಿಲ್ಲಾಹ್' ಎಂಬ ಕುನಿಯತ್ ಕೊಟ್ಟವರು ಸ್ವತಃ ಪ್ರವಾದಿವರ್ಯರು(ಸ). ಮನೆವಾರ್ತೆಯ ಎಷ್ಟೋ ಮಸಾಇಲ್‌ಗಳನ್ನು ನಾವು ಕಲಿತದ್ದು ಈ ಮಕ್ಕಳಿಲ್ಲದ ತಾಯಿಯಿಂದಲೇ. ಅಂಥವರನ್ನು 'ಉಮ್ಮುಲ್ ಮುಅ್‌ಮಿನೀನ್' ಎನ್ನುವ ನಾವು ಸೊಸೆಯನ್ನು ಬಂಜೆ ಎಂದು ಹೀಗಳೆಯುವುದು ಯಾವ ನ್ಯಾಯ?

ಅತ್ತೆಯಂದಿರಿಗೆ ಒಂದು ಮಾತು. ಈ ಕಾಯಿಲೆಯಿರುವ ಸೊಸೆಗೆ 6 ತಿಂಗಳಲ್ಲಿ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಲಿ. ಆದರೆ ಅವಳೊಬ್ಬಳನ್ನೇ ಬಸ್ಸು ಹತ್ತಿಸಬೇಡಿ. ಮಗನ ವೀರ್ಯ ಪರೀಕ್ಷೆಯನ್ನೂ ಅದೇ ದಿನ ಮಾಡಿಸಿ.